ಎಷ್ಟು ನೀರು ಕುಡಿದಿರಿ ಅಂತಲ್ಲ, ಎಷ್ಟು ಹೊರಗೆ ಹೋಯ್ತು ಅಂತ ನೋಡಿ

ಪ್ರಶ್ನೆ: ನನಗೆ 37 ವರ್ಷ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುತ್ತೇನೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ಎಡಗಡೆ ಬೆನ್ನಿನಿಂದ ತೊಡೆಸಂದಿವರೆಗೆ ಜೀವ ಹೋಗುವಂಥ ನೋವು ಬಂತು. ಸ್ಕ್ಯಾನಿಂಗ್‌ನಲ್ಲಿ 5 ಮಿ.ಮೀ. ಕಲ್ಲು ಕಾಣಿಸಿತು. ಹತ್ತು ದಿನಕ್ಕೆ ತಾನಾಗಿ ಬಿತ್ತು. ಈ ವರ್ಷ ನೋಡಿದರೆ ಬಲಗಡೆ ಕಿಡ್ನಿಯಲ್ಲಿ 4 ಮಿ.ಮೀ. ಇದೆಯಂತೆ. ದಿನಕ್ಕೆ ಮೂರು ಲೀಟರ್ ನೀರು ಕುಡಿಯುತ್ತೇನೆ. ಆದರೂ ಯಾಕೆ ಬಂತು? ಹಾಲು, ಮೊಸರು, ಟೊಮೆಟೊ, ಬದನೆಕಾಯಿ ಎಲ್ಲ ಬಿಟ್ಟಿದ್ದೇನೆ. ಅಮ್ಮ ದಿನಾ ಹುರುಳಿ ಕಟ್ಟು ಕುಡಿಸುತ್ತಾರೆ. ಗೆಳೆಯರು ಬಿಯರ್ ಕುಡಿ ಅಂತಾರೆ. ನಮ್ಮ ಬೋರ್ ನೀರು ಗಡುಸು, ಅದರಿಂದಲೇ ಆಯ್ತಾ? ಏನು ತಿನ್ನಬೇಕು, ಏನು ಬಿಡಬೇಕು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ 'ಭಟ್ಟಿ' ಅನ್ನುವ ಮಾತು ಕಂಡ ಕೂಡಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಇದೇ ಊರಲ್ಲಿ ಇಪ್ಪತ್ತು ವರ್ಷದಿಂದ ಕಿಡ್ನಿ, ಮೂತ್ರಕೋಶದ ಕಾಯಿಲೆ ನೋಡುತ್ತಿದ್ದೇನೆ. ಭಟ್ಟಿಯವರು, ಹೋಟೆಲ್‌ನಲ್ಲಿ ದೋಸೆ ಕಾವಲಿ ಮುಂದೆ ನಿಲ್ಲುವವರು, ಲಾರಿ ಡ್ರೈವರ್‌ಗಳು, ಗಾರೆ ಕೆಲಸದವರು, ಬಸ್ ಕಂಡಕ್ಟರ್‌ಗಳು. ಮಾರ್ಚ್ ಕಳೆಯುತ್ತಿದ್ದ ಹಾಗೆ ಇವರೇ ಒಬ್ಬರ ಹಿಂದೆ ಒಬ್ಬರು ಹೊಟ್ಟೆ ಹಿಡಿದುಕೊಂಡು ಬರುತ್ತಾರೆ. ಎಲ್ಲರದ್ದೂ ಒಂದೇ ಮಾತು: "ನೀರು ಚೆನ್ನಾಗೇ ಕುಡೀತೀನಿ ಸಾರ್."

ಕುಡಿಯುತ್ತೀರಿ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆ ನೀರು ಕಿಡ್ನಿಗೆ ತಲುಪುವ ಮೊದಲೇ ಚರ್ಮದಿಂದ ಹೊರಟು ಹೋಗುತ್ತದೆ. ಮೂರು ಲೀಟರ್ ಕುಡಿದಿರಿ ಅಂತ ಇಟ್ಟುಕೊಳ್ಳಿ. ಭಟ್ಟಿ ಮುಂದೆ ನಾಲ್ಕೈದು ಗಂಟೆ ನಿಂತರೆ ಬೆವರಲ್ಲೇ ಒಂದೂವರೆ, ಎರಡು ಲೀಟರ್ ಹೋದೀತು. ಉಸಿರಾಟದಲ್ಲಿ, ಸುಮ್ನೆ ಕೂತಾಗಲೂ ಚರ್ಮದಿಂದ ಹೋಗುವುದು ಇನ್ನೊಂದು ಅರ್ಧ ಲೀಟರ್‌ಗಿಂತ ಜಾಸ್ತಿ. ಊಟದಲ್ಲಿ ಒಂದಿಷ್ಟು ನೀರು ಸೇರುತ್ತದೆ ಅಂದರೂ ಕಿಡ್ನಿ ಪಾಲಿಗೆ ಉಳಿಯುವುದು ಒಂದು, ಒಂದೂಕಾಲು ಲೀಟರ್. ಅದೇ ಮೂರು ಲೀಟರ್ ಕುಡಿದು ಫ್ಯಾನ್ ಕೆಳಗೆ ಲೆಕ್ಕ ಬರೆಯುವ ನಿಮ್ಮ ಗುಮಾಸ್ತರಿಗೆ ಎರಡು ಲೀಟರ್ ಮೇಲೆ ಮೂತ್ರ ಆಗುತ್ತದೆ. ಕುಡಿದದ್ದು ಇಬ್ಬರೂ ಅಷ್ಟೇ. ಕಲ್ಲು ಮಾತ್ರ ನಿಮಗೆ.

ಕಲ್ಲುಸಕ್ಕರೆ ಮಾಡುವುದು ನೋಡಿದ್ದೀರಲ್ವಾ? ಗಟ್ಟಿ ಪಾಕದಲ್ಲಿ ದಾರ ಇಳಿಬಿಟ್ಟರೆ ಸಕ್ಕರೆ ಹರಳುಗಟ್ಟಿ ದಾರಕ್ಕೆ ಕೂರುತ್ತದೆ. ಪಾಕಕ್ಕೆ ಒಂದು ಚೊಂಬು ನೀರು ಸುರಿದರೆ ಒಂದು ಹರಳೂ ಕೂರುವುದಿಲ್ಲ. ಕಿಡ್ನಿಯಲ್ಲಿ ಆಗುವುದೂ ಇದೇ. ಮೂತ್ರದಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್ (ಸೊಪ್ಪು ತರಕಾರಿಯಂಥ ಆಹಾರದಲ್ಲಿರುವ ಒಂದು ಅಂಶ), ಯೂರಿಕ್ ಆಸಿಡ್ (ಮಾಂಸದಂಥ ಆಹಾರ ದೇಹದಲ್ಲಿ ಒಡೆದಾಗ ಉಳಿಯುವ ಕಸ) ಎಲ್ಲರಿಗೂ ಹೋಗುತ್ತವೆ. ನೀರು ಸಾಕಷ್ಟಿದ್ದರೆ ಕರಗಿಕೊಂಡೇ ಹೊರಗೆ ಹೋಗುತ್ತವೆ, ಕಮ್ಮಿಯಾದರೆ ಹರಳು ಕಟ್ಟುತ್ತವೆ. ನೂರು ಕಲ್ಲು ತೆಗೆದು ನೋಡಿದರೆ ಎಪ್ಪತ್ತೈದು, ಎಂಬತ್ತು ಕ್ಯಾಲ್ಸಿಯಂ ಕಲ್ಲುಗಳೇ. ಅದರಲ್ಲೂ ಜಾಸ್ತಿ ಪಾಲು ಕ್ಯಾಲ್ಸಿಯಂ ಆಕ್ಸಲೇಟ್‌ನದ್ದು.

ಒಂದು ಸಲ ಕಲ್ಲು ಆದವರಲ್ಲಿ ಏನೂ ಎಚ್ಚರ ವಹಿಸದಿದ್ದರೆ ಸುಮಾರು ಅರ್ಧ ಜನಕ್ಕೆ ಐದರಿಂದ ಹತ್ತು ವರ್ಷದೊಳಗೆ ಮತ್ತೆ ಆಗುತ್ತದೆ. ನಿಮಗೆ ಒಂದೇ ವರ್ಷಕ್ಕೆ ಇನ್ನೊಂದು ಕಾಣಿಸಿದೆ. ಹೋದ ವರ್ಷದ ಸ್ಕ್ಯಾನ್‌ನಲ್ಲೇ ಅದು ಸಣ್ಣದಾಗಿ ಇದ್ದಿರಲೂಬಹುದು. ಹಳೇ ರಿಪೋರ್ಟ್ ಇದ್ದರೆ ಒಮ್ಮೆ ತೆಗೆದು ನೋಡಿ.

ಈಗ ಮಾಡಬೇಕಾದ ಮೊದಲ ಕೆಲಸ. ಐದು ಲೀಟರ್‌ದು ಒಂದು ಪ್ಲಾಸ್ಟಿಕ್ ಕ್ಯಾನ್, ಒಂದು ಅಳತೆ ಜಗ್ ತಗೊಳ್ಳಿ. ಬೆಳಿಗ್ಗೆ ಎದ್ದ ಕೂಡಲೇ ಆಗುವ ಮೂತ್ರ ಕ್ಯಾನ್‌ಗೆ ಬೇಡ. ಆಮೇಲಿನದ್ದೆಲ್ಲ, ಮರುದಿನ ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರವೂ ಸೇರಿ, ಕ್ಯಾನ್‌ಗೇ ಹೋಗಬೇಕು. ಅದು ನಿಮ್ಮ 24 ಗಂಟೆಯ ಲೆಕ್ಕ. ಎರಡೂವರೆ ಲೀಟರ್ ಬರಬೇಕು. ಎರಡಕ್ಕಿಂತ ಕಮ್ಮಿ ಬಂದರೆ ನೀವು ಕುಡಿಯುತ್ತಿರುವುದು ಸಾಲದು. ಬಾಯಿಂದ ಎಷ್ಟು ಹೋಯ್ತು ಅನ್ನುವುದು ನನಗೆ ಬೇಡವೇ ಬೇಡ.

ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ಅಳತೆ ಮಾಡಲು ಭಾನುವಾರ ಆರಿಸಿಕೊಳ್ಳುತ್ತಾರೆ. ಮನೆಯಲ್ಲಿರುತ್ತಾರೆ, ಟಾಯ್ಲೆಟ್ ಹತ್ತಿರ, ಮುಜುಗರ ಇಲ್ಲ. ಭಾನುವಾರ ಎರಡೂಮುಕ್ಕಾಲು ಲೀಟರ್ ಬಂತು ಅಂತ ನನಗೆ ತೋರಿಸಿ ಖುಷಿಪಡುತ್ತಾರೆ. ಕಲ್ಲು ಕಟ್ಟುವುದು ಸೋಮವಾರ. ನೀವು ಭಟ್ಟಿ ಉರಿಯುವ ದಿನವೇ ಅಳೆಯಿರಿ. ಕ್ಯಾನ್ ಒಯ್ಯಲು ನಾಚಿಕೆಯಾದರೆ ಒಂದು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಹೋಗಿ.

ಇನ್ನೊಂದು ಸಾಧನ ನಿಮ್ಮ ಭಟ್ಟಿಯಲ್ಲೇ ಇದೆ. ಮಂಡಕ್ಕಿ ಚೀಲ ತೂಗುವ ಮಷಿನ್. ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ಅದರ ಮೇಲೆ ನಿಂತು ತೂಕ ಬರೆದಿಡಿ. ಕೆಲಸ ಮುಗಿದ ಮೇಲೆ ಬೆವರು ಒರೆಸಿಕೊಂಡು, ಅದೇ ಥರದ ಬಟ್ಟೆಯಲ್ಲಿ ಮತ್ತೆ ನಿಲ್ಲಿ. ಒಂದು ಕೆ.ಜಿ. ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಸಾಲ ಅಂತ ಅರ್ಥ. ನಡುವೆ ಕುಡಿದದ್ದೆಲ್ಲ ಆದ ಮೇಲೂ ಉಳಿದ ಸಾಲ ಅದು. ನಿಮ್ಮ ಹಾಗೇ ಭಟ್ಟಿ ಇರುವ ಒಬ್ಬರಿಗೆ ಹೋದ ಬೇಸಿಗೆಯಲ್ಲಿ ಹೀಗೆ ಮಾಡಿಸಿದೆ. ಅರ್ಧ ಕೆ.ಜಿ. ಇಳಿದೀತು ಅಂದುಕೊಂಡಿದ್ದರು. ಇಳಿದದ್ದು 1 ಕೆ.ಜಿ. 800 ಗ್ರಾಂ. ಮಷಿನ್ ಕೆಟ್ಟಿದೆ ಅಂತ ಒಂದು ಅಕ್ಕಿ ಮೂಟೆ ಇಟ್ಟು ನೋಡಿದರಂತೆ. ಮಷಿನ್ ಸರಿಯಾಗೇ ಇತ್ತು.

ಹಾಗಾದರೆ ಎಷ್ಟು ಕುಡಿಯಬೇಕು? ಭಟ್ಟಿ ಇರುವ ದಿನ ನಿಮಗೆ ನಾಲ್ಕು, ನಾಲ್ಕೂವರೆ ಲೀಟರ್ ಬೇಕಾಗಬಹುದು. ಕಡು ಬೇಸಿಗೆಯಲ್ಲಿ ಐದು. ಒಂದೇ ಸಲ ಗಟಗಟ ಅಂತ ಒಂದು ಬಾಟಲಿ ಖಾಲಿ ಮಾಡಿದರೆ ಪ್ರಯೋಜನ ಕಮ್ಮಿ, ಒಂದೆರಡು ಗಂಟೆಯಲ್ಲಿ ಅದು ಹೊರಗೆ ಹೋಗಿ ಮತ್ತೆ ಬರ. ಎದ್ದ ಕೂಡಲೇ ಎರಡು ಲೋಟ. ಬೆಂಕಿ ಹಾಕುವ ಮುಂಚೆ ಒಂದು ಲೋಟ. ಆಮೇಲೆ ಅರ್ಧ ಗಂಟೆಗೊಮ್ಮೆ ಒಂದು ಲೋಟ, ಬಾಯಾರಿಕೆ ಇರಲಿ, ಇಲ್ಲದಿರಲಿ. ಶಾಖದ ಮುಂದೆ ನಿಂತವರಿಗೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಗಂಟೆಗೆ ಒಂದು ಲೀಟರ್ ಮೀರಬೇಡಿ, ಅತಿಯಾದರೆ ಅದೂ ಅಪಾಯವೇ.

ರಾತ್ರಿ ಲೆಕ್ಕ ಜನ ಮರೆತೇಬಿಡುತ್ತಾರೆ. ಮಲಗಿದ ಏಳು ಗಂಟೆ ಒಂದು ಹನಿಯೂ ಒಳಗೆ ಹೋಗುವುದಿಲ್ಲ, ಮೂತ್ರ ಅತಿ ಗಟ್ಟಿಯಾಗುವ ಹೊತ್ತು ಅದೇ. ಮಲಗುವ ಮುಂಚೆ ಒಂದು ಲೋಟ ಕುಡಿಯಿರಿ. ಮಧ್ಯರಾತ್ರಿ ಮೂತ್ರಕ್ಕೆ ಎಚ್ಚರವಾದರೆ, ಹೋಗಿ ಬಂದು ಇನ್ನೊಂದು ಅರ್ಧ ಲೋಟ. ನಿದ್ದೆ ಕೆಡುತ್ತದೆ ಅಂತ ಬೈದುಕೊಳ್ಳುತ್ತೀರಿ, ಬೈದುಕೊಳ್ಳಿ. ಕಲ್ಲಿನ ನೋವಲ್ಲಿ ನಿದ್ದೆ ಎಷ್ಟು ಬರುತ್ತದೆ ಅಂತ ನಿಮಗೇ ಗೊತ್ತಲ್ಲ.

ರಂಜಾನ್ ತಿಂಗಳಲ್ಲಿ ರೋಜಾ ಇರುವವರು ನಿಮ್ಮ ಕಡೆ ಕೆಲಸಕ್ಕಿದ್ದರೆ ಅವರಿಗೂ ಹೇಳಿ: ಸಂಜೆಯ ಇಫ್ತಾರ್‌ನಿಂದ ಬೆಳಗಿನ ಜಾವದ ಸಹರಿವರೆಗೆ ಗಂಟೆಗೆ ಒಂದೆರಡು ಲೋಟದಂತೆ ಹಂಚಿಕೊಂಡು ಕುಡಿಯಬೇಕು. ಆ ತಿಂಗಳು ಆದಷ್ಟು ಬೆಂಕಿ ಮುಂದಿನ ಕೆಲಸ ಬದಲಿಸಿ ಕೊಡಿ.

ಬಣ್ಣ ನೋಡುವುದೂ ಸುಲಭದ ದಾರಿ. ತೆಳು ನಿಂಬೆ ಪಾನಕದ ಬಣ್ಣ ಇದ್ದರೆ ಸರಿ. ಚಳ್ಳಕೆರೆ ಶೇಂಗಾ ಎಣ್ಣೆ ಬಣ್ಣಕ್ಕೆ ತಿರುಗಿದ್ದರೆ ಆಗಲೇ ತಡವಾಗಿದೆ. ಬಿ-ಕಾಂಪ್ಲೆಕ್ಸ್ ಮಾತ್ರೆ ತಗೊಳ್ಳುವವರಿಗೆ ಹೇಗೂ ಹಳದಿಯೇ ಬರುತ್ತದೆ, ಅವರು ಬಣ್ಣ ನಂಬಬಾರದು.

ಇದೆಲ್ಲ ನನ್ನ ಕಲ್ಪನೆಯಲ್ಲ. 1996ರಲ್ಲಿ ಇಟಲಿಯ ಪಾರ್ಮಾ ಊರಿನ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ಸಲ ಕಲ್ಲು ಆದ 199 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಎರಡು ಲೀಟರ್ ಮೂತ್ರ ಆಗುವಷ್ಟು ನೀರು ಕುಡಿಯಲು ಹೇಳಿದರು, ಇನ್ನೊಂದಕ್ಕೆ ಏನೂ ಹೇಳಲಿಲ್ಲ. ಐದು ವರ್ಷದಲ್ಲಿ ನೀರು ಕುಡಿದ ಗುಂಪಿನಲ್ಲಿ 12 ಜನಕ್ಕೆ ಮತ್ತೆ ಕಲ್ಲಾಯಿತು. ಇನ್ನೊಂದರಲ್ಲಿ 27 ಜನಕ್ಕೆ. ಬರೀ ನೀರು, ಮಾತ್ರೆ ಇಲ್ಲ, ಗುಳಿಗೆ ಇಲ್ಲ.

ಇನ್ನು ಹಾಲು, ಮೊಸರು. ದಯವಿಟ್ಟು ನಾಳೆಯಿಂದಲೇ ಮತ್ತೆ ಶುರು ಮಾಡಿ. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ, ಹಾಲಿನಲ್ಲಿ ಕ್ಯಾಲ್ಸಿಯಂ ಇದೆ, ಹಾಗಾಗಿ ಹಾಲು ಬಿಟ್ಟರೆ ಕಲ್ಲು ಆಗುವುದಿಲ್ಲ. ಈ ಲೆಕ್ಕ ಕೇಳಲು ಸರಿಯಾಗೇ ಇದೆ. ಒಂದು ಕಾಲದಲ್ಲಿ ವೈದ್ಯರೂ ಇದನ್ನೇ ಹೇಳುತ್ತಿದ್ದರು. ಆದರೆ ಹೊಟ್ಟೆಯೊಳಗೆ ನಡೆಯುವುದು ಬೇರೆ. ಊಟದಲ್ಲಿ ಬಂದ ಆಕ್ಸಲೇಟ್ ಮತ್ತು ಕ್ಯಾಲ್ಸಿಯಂ ಕರುಳಲ್ಲೇ ಒಂದಕ್ಕೊಂದು ಅಂಟಿಕೊಂಡು ಮಲದಲ್ಲಿ ಹೋಗಿಬಿಡುತ್ತವೆ. ನೀವು ಕ್ಯಾಲ್ಸಿಯಂ ಕೊಡದಿದ್ದರೆ ಆಕ್ಸಲೇಟ್‌ಗೆ ಜೊತೆ ಸಿಗುವುದಿಲ್ಲ. ಅದು ಒಂಟಿಯಾಗಿ ರಕ್ತಕ್ಕೆ ಸೇರಿ ಕಿಡ್ನಿಗೆ ಬಂದು, ಅಲ್ಲಿ ಕ್ಯಾಲ್ಸಿಯಂ ಹಿಡಿದು ಕಲ್ಲು ಕಟ್ಟುತ್ತದೆ. ಕರುಳಲ್ಲಿ ಆಗಬೇಕಿದ್ದ ಮದುವೆ ಕಿಡ್ನಿಯಲ್ಲಿ ಆಗುತ್ತದೆ, ಅಷ್ಟೇ.

ಅದೇ ಪಾರ್ಮಾದವರು 2002ರಲ್ಲಿ ಇದನ್ನೂ ಪರೀಕ್ಷೆ ಮಾಡಿ ತೋರಿಸಿದರು. ಮತ್ತೆ ಮತ್ತೆ ಕಲ್ಲಾಗುತ್ತಿದ್ದ, ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತಿದ್ದ 120 ಗಂಡಸರು. 60 ಜನಕ್ಕೆ ಹಾಲು ಹೈನು ಕಮ್ಮಿ ಮಾಡಿಸಿದರು. ಉಳಿದ 60 ಜನಕ್ಕೆ ಕ್ಯಾಲ್ಸಿಯಂ ಮಾಮೂಲಿಯಾಗಿ ಬಿಟ್ಟು, ಉಪ್ಪು ಮತ್ತು ಮಾಂಸ ಕಮ್ಮಿ ಮಾಡಿಸಿದರು. ಐದು ವರ್ಷಕ್ಕೆ ಹಾಲು ಬಿಟ್ಟವರಲ್ಲಿ 23 ಜನಕ್ಕೆ ಮತ್ತೆ ಕಲ್ಲು, ಉಪ್ಪು ಮಾಂಸ ಕಮ್ಮಿ ಮಾಡಿದವರಲ್ಲಿ 12 ಜನಕ್ಕೆ. ಅಂದರೆ ನೀವು ಬಿಡಬೇಕಾದದ್ದನ್ನು ಇಟ್ಟುಕೊಂಡು, ಇಟ್ಟುಕೊಳ್ಳಬೇಕಾದದ್ದನ್ನು ಬಿಟ್ಟಿದ್ದೀರಿ.

ದಿನಕ್ಕೆ 1,000ದಿಂದ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 200 ಎಂ.ಎಲ್.ನ ಒಂದು ಲೋಟ ಹಾಲಿನಲ್ಲಿ ಸುಮಾರು 240 ಸಿಗುತ್ತದೆ. ಎರಡು ಲೋಟ ಹಾಲು, ಊಟಕ್ಕೆ ಒಂದು ಬಟ್ಟಲು ಮೊಸರು, ಜೊತೆಗೆ ರಾಗಿ ಇದ್ದರೆ ಬಹುಪಾಲು ಆಯಿತು. ಮೊಸರು, ಮಜ್ಜಿಗೆ ಊಟದ ಜೊತೆಗೇ ಇರಬೇಕು, ಆಗಲೇ ಅದು ಆಕ್ಸಲೇಟ್ ಹಿಡಿಯುವುದು. ಮೂಳೆಗೆ ಅಂತ ಯಾರಾದರೂ ಕ್ಯಾಲ್ಸಿಯಂ ಮಾತ್ರೆ ತಗೊಳ್ಳುತ್ತಿದ್ದರೆ ಅವರೂ ಊಟದ ಜೊತೆಗೇ ನುಂಗಲಿ, ಖಾಲಿ ಹೊಟ್ಟೆಗೆ ಬೇಡ.

ಈಗ ಉಪ್ಪಿನ ವಿಷಯ. ನಮ್ಮ ಊರಿನ ಕಲ್ಲುಗಳಲ್ಲಿ ನೀರಿನ ಕೊರತೆ ಬಿಟ್ಟರೆ ಇದರದ್ದೇ ದೊಡ್ಡ ಕೈವಾಡ ಅನ್ನುವುದು ನನ್ನ ಅನಿಸಿಕೆ. ಕಿಡ್ನಿ ಉಪ್ಪನ್ನು ಹೊರಗೆ ಹಾಕುವಾಗ ಅದರ ಬೆನ್ನಿಗೆ ಕ್ಯಾಲ್ಸಿಯಂ ಕೂಡ ಹೋಗುತ್ತದೆ. ದಿನಕ್ಕೆ ಸುಮಾರು 6 ಗ್ರಾಂ ಉಪ್ಪು ಜಾಸ್ತಿ ತಿಂದರೆ ಮೂತ್ರದಲ್ಲಿ ಸುಮಾರು 40 ಮಿಲಿಗ್ರಾಂ ಕ್ಯಾಲ್ಸಿಯಂ ಜಾಸ್ತಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚಕ್ಕಿಂತ ಕಮ್ಮಿ.

"ನಾನು ಊಟಕ್ಕೆ ಮೇಲುಪ್ಪು ಹಾಕಿಕೊಳ್ಳುವುದಿಲ್ಲ" ಅಂತ ಎಲ್ಲರೂ ಅನ್ನುತ್ತಾರೆ. ಸರಿ. ನಿಮ್ಮ ಭಟ್ಟಿಯಲ್ಲೇ ನೋಡೋಣ. ಮಂಡಕ್ಕಿ ಹುರಿಯುವ ಮುಂಚೆ ಅಕ್ಕಿಗೆ ಏನು ಬೆರೆಸುತ್ತೀರಿ? ಉಪ್ಪುನೀರು. ಬಿಳಿಯಾಗಿ, ಹಗುರವಾಗಿ, ಏನೂ ಇಲ್ಲದ ಹಾಗೆ ಕಾಣುವ ಮಂಡಕ್ಕಿಯೊಳಗೇ ಉಪ್ಪು ಕೂತಿದೆ. ಸಂಜೆ ಅದಕ್ಕೆ ಖಾರ, ಮೇಲೆ ಎರಡು ಮಿರ್ಚಿ. ಮಿರ್ಚಿ ಹಿಟ್ಟಲ್ಲಿ ಉಪ್ಪು, ಸೋಡಾ ಪುಡಿ. ಸೋಡಾ ಪುಡಿಯಲ್ಲೂ ಇರುವುದು ಸೋಡಿಯಮ್ಮೇ. ಮಧ್ಯಾಹ್ನ ರೊಟ್ಟಿ ಜೊತೆ ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ, ಉಪ್ಪು ತುಂಬಿದ ಬಾಳಕದ ಮೆಣಸಿನಕಾಯಿ, ಹಪ್ಪಳ. ಬಿಸಿಲಿಗೆ ತಂಪಾಗಲಿ ಅಂತ ಉಪ್ಪು ಹಾಕಿದ ಮಜ್ಜಿಗೆ, ಉಪ್ಪು ಹಾಕಿದ ನಿಂಬೆ ಸೋಡಾ. ಚಮಚ ಎಷ್ಟಾಯಿತು ನೀವೇ ಕೂಡಿಸಿ.

ಮಂಡಕ್ಕಿ ಮಿರ್ಚಿ ಬಿಡಿ ಅಂತ ದಾವಣಗೆರೆಯಲ್ಲಿ ಕೂತು ಹೇಳುವ ಧೈರ್ಯ ನನಗಿಲ್ಲ. ಅದರಲ್ಲೂ ನಿಮಗೆ! ವಾರಕ್ಕೆ ಎರಡು ಸಲ ಇರಲಿ. ಮಂಡಕ್ಕಿಗೆ ಹಸಿ ಈರುಳ್ಳಿ, ಟೊಮೆಟೊ, ಸೌತೆಕಾಯಿ ಜಾಸ್ತಿ ಹೆಚ್ಚಿ ಹಾಕಿ, ಖಾರದ ಉಪ್ಪು ಕಮ್ಮಿ ಮಾಡಿ. ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ ಮಾತ್ರ ದಿನಾ ಬೇಡ.

ಬೆವರಲ್ಲಿ ಉಪ್ಪು ಹೋಗುತ್ತದಲ್ವಾ, ಕಮ್ಮಿಯಾದರೆ ಸುಸ್ತಾಗುವುದಿಲ್ವಾ ಅಂತ ಕೇಳುತ್ತೀರಿ. ಹೋಗುತ್ತದೆ. ಆದರೆ ನಮ್ಮ ಮಾಮೂಲಿ ಊಟದಲ್ಲಿ ಆ ನಷ್ಟ ತುಂಬುವಷ್ಟು ಉಪ್ಪು ಇದ್ದೇ ಇರುತ್ತದೆ. ಕಾಲಿನ ಮೀನಖಂಡ ಹಿಡಿದುಕೊಳ್ಳುವುದು, ತಲೆ ಸುತ್ತುವುದು ಆದರೆ ಒಂದು ಪೊಟ್ಟಣ ಓಆರ್‌ಎಸ್ ಕುಡಿಯಿರಿ. ಅದು ಔಷಧಿ, ದಿನಾ ಕುಡಿಯುವ ಪಾನಕ ಮಾಡಿಕೊಳ್ಳಬೇಡಿ.

ಬೆಣ್ಣೆ ದೋಸೆ ಬಗ್ಗೆ ನೀವು ಕೇಳಿಲ್ಲ. ಆದರೆ ಮನಸ್ಸಲ್ಲಿ ಇದ್ದೇ ಇರುತ್ತದೆ. ಬೆಣ್ಣೆಯಿಂದ ನೇರವಾಗಿ ಕಲ್ಲು ಬರುವುದಿಲ್ಲ. ಹೊಟ್ಟೆ ಬಂದರೆ, ಸಕ್ಕರೆ ಕಾಯಿಲೆ ಬಂದರೆ ಕಲ್ಲಿನ ಅಪಾಯ ಏರುತ್ತದೆ, ಅಲ್ಲಿಗೆ ಬೆಣ್ಣೆ ಲೆಕ್ಕಕ್ಕೆ ಬರುತ್ತದೆ.

ಟೊಮೆಟೊ, ಬದನೆ ಬೀಜ, ಸೀಬೆ ಬೀಜ. ಹಣ್ಣಿನ ಬೀಜ ಹೊಟ್ಟೆಯಿಂದ ಕಿಡ್ನಿಗೆ ಹೋಗಿ ಕೂರುವ ದಾರಿಯೇ ದೇಹದಲ್ಲಿಲ್ಲ. ಟೊಮೆಟೊದಲ್ಲಿ ಆಕ್ಸಲೇಟ್ ಇರುವುದು ಬಹಳ ಕಮ್ಮಿ. ಆರಾಮಾಗಿ ತಿನ್ನಿ. ನಿಜವಾಗಿ ಆಕ್ಸಲೇಟ್ ತುಂಬಿಕೊಂಡಿರುವುದು ಪಾಲಕ್. ಒಂದು ಬಟ್ಟಲು ಬೇಯಿಸಿದ ಪಾಲಕ್‌ನಲ್ಲಿ ನೂರಾರು ಮಿಲಿಗ್ರಾಂ ಇರುತ್ತದೆ. ದಂಟು, ರಾಜಗಿರಿ ಸೊಪ್ಪು, ಬೀಟ್‌ರೂಟ್, ಬಾದಾಮಿ, ಗೋಡಂಬಿಯಲ್ಲೂ ಜಾಸ್ತಿ. ರಕ್ತ ಬರಲಿ ಅಂತ ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಸಿ ಪಾಲಕ್, ಬೀಟ್‌ರೂಟ್ ಜ್ಯೂಸ್ ಕುಡಿಯುವ ಹೊಸ ಚಾಳಿ ಶುರುವಾಗಿದೆಯಲ್ಲ, ಕಲ್ಲು ಆದವರು ಅದರ ಹತ್ತಿರ ಹೋಗಬಾರದು. ಮೆಂತ್ಯ ಸೊಪ್ಪು ಧೈರ್ಯವಾಗಿ ತಿನ್ನಬಹುದು.

ಸೊಪ್ಪು ಬೇಯಿಸಿ ನೀರು ಬಸಿದರೆ ಆಕ್ಸಲೇಟ್‌ನ ದೊಡ್ಡ ಪಾಲು ಆ ನೀರಿಗೆ ಇಳಿಯುತ್ತದೆ. ಆದರೆ ನಮ್ಮ ಹಿರಿಯೂರು, ಹೊಸದುರ್ಗದ ಕಡೆ ಅದೇ ಬಸಿದ ನೀರಿನಲ್ಲಿ ಬಸ್ಸಾರು ಮಾಡಿ ಮುದ್ದೆಗೆ ಹಚ್ಚಿ ತಿನ್ನುತ್ತಾರೆ. ದಂಟಿನ ಸೊಪ್ಪಿನ ಬಸ್ಸಾರು ನನಗೂ ಪ್ರಾಣ. ಕಲ್ಲು ಆದವರ ಮನೆಯಲ್ಲಿ ಮಾತ್ರ ಬಸ್ಸಾರನ್ನು ದಂಟಿನ ಬದಲು ಹುರುಳಿಕಾಯಿಯಲ್ಲೋ, ಮೆಂತ್ಯದಲ್ಲೋ ಮಾಡಲಿ. ದಂಟು ಬೇಕೇಬೇಕು ಅನಿಸಿದ ದಿನ ನೀರು ಚೆಲ್ಲಿ ಪಲ್ಯ ಮಾಡಿ, ಜೊತೆಗೆ ಮೊಸರು ಇಟ್ಟುಕೊಳ್ಳಿ.

ಶೇಂಗಾ? ಒಂದು ಹಿಡಿ ಪರವಾಗಿಲ್ಲ. ಹಾಲು ಹಾಕಿದ ಚಹಾ ದಿನಕ್ಕೆ ಎರಡು ಮೂರು ಕಪ್ ಆದರೂ ತೊಂದರೆ ಇಲ್ಲ, ಸಕ್ಕರೆ ಕಮ್ಮಿ ಇರಲಿ. ಕೋಲಾ ಪಾನೀಯ ಬೇಡ.

ಮಾಂಸ ತಿನ್ನುವವರಾದರೆ ದಿನಕ್ಕೆ ಒಂದೇ ಹೊತ್ತು, ಅಂಗೈ ಅಗಲದಷ್ಟು. ಮಟನ್, ಕೋಳಿ, ಮೀನು ಯಾವುದೇ ಆಗಲಿ, ಜಾಸ್ತಿಯಾದರೆ ಮೂತ್ರ ಹುಳಿಯಾಗುತ್ತದೆ, ಯೂರಿಕ್ ಆಸಿಡ್ ಏರುತ್ತದೆ, ಕಲ್ಲು ತಡೆಯುವ ಸಿಟ್ರೇಟ್ ಇಳಿಯುತ್ತದೆ. ಲಿವರ್, ಬೋಟಿ ಅಪರೂಪಕ್ಕೆ ಇರಲಿ.

ಸಿಟ್ರೇಟ್ ಅಂದೆನಲ್ಲ, ಅದು ಕಲ್ಲಿನ ಶತ್ರು. ಮೂತ್ರದಲ್ಲಿ ಕ್ಯಾಲ್ಸಿಯಂಗೆ ಅಂಟಿಕೊಂಡು ಹರಳು ಕಟ್ಟದಂತೆ ನೋಡಿಕೊಳ್ಳುತ್ತದೆ. ನಿಂಬೆಹಣ್ಣಿನಲ್ಲಿ ಧಾರಾಳವಾಗಿದೆ. ದಿನಕ್ಕೆ ಎರಡು ನಿಂಬೆಹಣ್ಣು ಒಂದೂವರೆ ಲೀಟರ್ ನೀರಿಗೆ ಹಿಂಡಿ ಇಟ್ಟುಕೊಂಡು ಭಟ್ಟಿಯಲ್ಲಿ ಆಗಾಗ ಕುಡಿಯಿರಿ. ಉಪ್ಪು ಬೇಡ, ಸಕ್ಕರೆ ಬೇಡ, ಸೋಡಾ ಬೇಡ. ಸಪ್ಪೆ ಅನಿಸಿದರೆ ಪುದೀನ ಎಲೆ ಹಾಕಿ. ಮೋಸಂಬಿ, ಕಿತ್ತಳೆ, ಎಳನೀರು ಇವೂ ಒಳ್ಳೆಯವೇ. ಕಿಡ್ನಿ ಕೆಲಸ ಕಮ್ಮಿಯಾದವರಿಗೆ ಮಾತ್ರ ಎಳನೀರಿನ ಪೊಟ್ಯಾಸಿಯಂ ಅಪಾಯ. ನಿಂಬೆ ಒಳ್ಳೆಯದು ಅಂದ ಕೂಡಲೇ ವಿಟಮಿನ್ ಸಿ ಮಾತ್ರೆ ನುಂಗಲು ಹೋಗಬೇಡಿ. ಮಾತ್ರೆಯ ದೊಡ್ಡ ಪ್ರಮಾಣದ ವಿಟಮಿನ್ ಸಿಯನ್ನು ದೇಹ ಆಕ್ಸಲೇಟ್ ಮಾಡಿ ಹೊರಗೆ ಹಾಕುತ್ತದೆ.

ಅಮ್ಮನ ಹುರುಳಿ ಕಟ್ಟಿಗೆ ಬರೋಣ. ಹುರುಳಿ ನಮ್ಮ ಬಯಲು ಸೀಮೆಯ ಕಾಳು, ಅದರ ಮೇಲೆ ನನಗೂ ಪ್ರೀತಿ ಇದೆ. ಆದರೆ ಕ್ಯಾಲ್ಸಿಯಂ ಕಲ್ಲನ್ನು ಹುರುಳಿಯೂ ಕರಗಿಸುವುದಿಲ್ಲ, ಬಾಳೆದಿಂಡೂ ಕರಗಿಸುವುದಿಲ್ಲ. "ಪಕ್ಕದ ಮನೆಯವರಿಗೆ ಬಿತ್ತಲ್ಲ" ಅಂತೀರಿ. 5 ಮಿ.ಮೀ. ಒಳಗಿನ ಕಲ್ಲು ಕಿಡ್ನಿಯಿಂದ ಕೆಳಗಿನ ನಾಳಕ್ಕೆ ಇಳಿದರೆ ಮೂರರಲ್ಲಿ ಎರಡು ತಾವಾಗೇ ಬೀಳುತ್ತವೆ. ನಿಮ್ಮದೂ ಬಿತ್ತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಅಮ್ಮನಿಗೆ ಬೇಜಾರು ಮಾಡಬೇಡಿ. ಹುರುಳಿ ಸಾರು ಉಪ್ಪು ಕಮ್ಮಿ ಹಾಕಿ ಮಾಡಲಿ, ಅದರಲ್ಲಿರುವ ನೀರಂತೂ ಲಾಭವೇ. ಕಲ್ಲು ಕರಗಿಸುತ್ತದೆ ಅಂತ ಕಾಡುಬಸಳೆ ಎಲೆ ಅರೆದು ಕುಡಿಯುವವರೂ ಇದ್ದಾರೆ. ಆ ಜಾತಿಯ ಗಿಡಗಳಲ್ಲಿ ಹೃದಯದ ಬಡಿತಕ್ಕೆ ತೊಂದರೆ ಕೊಡುವ ಅಂಶಗಳಿವೆ, ಅದು ಬೇಡ.

ಬಿಯರ್‌ನಿಂದ ಮೂತ್ರ ಜಾಸ್ತಿ ಬರುತ್ತದೆ ನಿಜ. ಬೆಳಿಗ್ಗೆ ಎದ್ದಾಗ ನಾಲಿಗೆ ಒಣಗಿರುತ್ತದೆ, ಅದೂ ನಿಜ. ದೇಹದ ನೀರನ್ನೇ ಹೊರಗೆ ತಳ್ಳಿರುತ್ತದೆ, ಯೂರಿಕ್ ಆಸಿಡ್ ಏರಿಸಿರುತ್ತದೆ. ಗೆಳೆಯರಿಗೆ ಕುಡಿಯಲು ಒಂದು ಕಾರಣ ಬೇಕಿತ್ತು, ನಿಮ್ಮ ಕಲ್ಲು ಸಿಕ್ಕಿತು.

ಗಡುಸು ನೀರಿನ ಬಗ್ಗೆ ದಿನಕ್ಕೆ ಹತ್ತು ಜನ ಕೇಳುತ್ತಾರೆ. ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಚಕ್ಕೆ ನೋಡಿದವರಿಗೆ ಹೊಟ್ಟೆಯಲ್ಲೂ ಹೀಗೇ ಅನಿಸುವುದು ಸಹಜ. ಆ ಚಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಕುದ್ದಾಗ ಕಟ್ಟುವಂಥದ್ದು. ನಿಮ್ಮ ಕಲ್ಲು ಅದಲ್ಲ. ಗಡುಸು ನೀರಿನ ಕ್ಯಾಲ್ಸಿಯಂ ಕೂಡ ಹಾಲಿನದ್ದರ ಹಾಗೇ ಕರುಳಲ್ಲಿ ಆಕ್ಸಲೇಟ್ ಹಿಡಿಯುತ್ತದೆ. ಗಡುಸು ನೀರು ಕುಡಿಯುವ ಊರುಗಳಲ್ಲಿ ಕಲ್ಲು ಜಾಸ್ತಿ ಅಂತ ಗಟ್ಟಿಯಾದ ಸಾಕ್ಷಿ ಸಿಕ್ಕಿಲ್ಲ. ನಮ್ಮ ಬೋರ್ ನೀರಿನ ನಿಜವಾದ ತೊಂದರೆ ಫ್ಲೋರೈಡ್. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಎಷ್ಟೋ ಹಳ್ಳಿಗಳಲ್ಲಿ ಹಲ್ಲು ಕಂದುಗಟ್ಟಿದ ಮಕ್ಕಳನ್ನು ನೋಡುತ್ತೇವೆ. ಹಾಗಾಗಿ ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯಿರಿ, ಹಲ್ಲು ಮೂಳೆಗಾಗಿ. ಬೋರ್ ನೀರು ಉಪ್ಪು ಅಂತ ಬೇಸರಪಟ್ಟು ಕಮ್ಮಿ ಕುಡಿಯುತ್ತಿದ್ದರೆ, ಆ ಕಾರಣಕ್ಕೂ ಬದಲಿಸುವುದು ಒಳ್ಳೆಯದು.

ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಭಟ್ಟಿಯಲ್ಲಿ ಜರಡಿ ಹಿಡಿಯಲು, ಚೀಲ ತುಂಬಲು ಹೆಂಗಸರು ಬರುತ್ತಾರಲ್ವಾ? ಅವರಿಗೆ ಟಾಯ್ಲೆಟ್ ಇದೆಯಾ? ನನ್ನ ಹತ್ತಿರ ಬರುವ ಹೆಂಗಸರಿಗೆ ನೀರು ಕುಡಿಯಿರಿ ಅಂದರೆ ತಲೆ ಆಡಿಸುತ್ತಾರೆ, ಕುಡಿಯುವುದಿಲ್ಲ. ಕುಡಿದರೆ ಎಲ್ಲಿಗೆ ಹೋಗುವುದು? ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆಗೆ ಬಂದಮೇಲೆಯೇ. ಅವರಿಗೆ ಕಲ್ಲಿನ ಜೊತೆಗೆ ಮೂತ್ರದ ಸೋಂಕು ಬೇರೆ. ಒಂದು ಬಾಗಿಲು, ಒಂದು ಚಿಲಕ, ಒಂದು ನಲ್ಲಿ ಇರುವ ಟಾಯ್ಲೆಟ್ ಕಟ್ಟಿಸಿಕೊಡಿ. ಈ ಪತ್ರದಲ್ಲಿ ಬರೆದ ಯಾವ ಸಲಹೆಗಿಂತಲೂ ಅದರಿಂದ ಹೆಚ್ಚು ಜನಕ್ಕೆ ಉಪಯೋಗ. ನನಗೂ ಎರಡು ಸಲ ಕಲ್ಲಾಗಿದೆ. ಆಪರೇಷನ್ ನಡುವೆ ಹೊರಗೆ ಬರಬೇಕಾಗುತ್ತದೆ ಅಂತ ಬೆಳಿಗ್ಗೆಯಿಂದ ನೀರು ಮುಟ್ಟುತ್ತಿರಲಿಲ್ಲ. ಕಲ್ಲಿನ ಡಾಕ್ಟರಿಗೇ ಕಲ್ಲು ಅಂತ ನಮ್ಮ ನರ್ಸ್‌ಗಳು ಇನ್ನೂ ನಗುತ್ತಾರೆ.

ಈಗಿರುವ 4 ಮಿ.ಮೀ. ಕಲ್ಲಿನ ವಿಷಯ. ನೋವಿಲ್ಲದೆ ಕಿಡ್ನಿಯಲ್ಲೇ ಕೂತಿದ್ದರೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ಬೆಳೆಯಿತಾ ನೋಡುತ್ತೇವೆ. ನೀರು ಕುಡಿದರೆ ಅದು ಕರಗುವುದಿಲ್ಲ, ದೊಡ್ಡದಾಗುವುದು ತಪ್ಪಬಹುದು. ಯೂರಿಕ್ ಆಸಿಡ್ ಕಲ್ಲಾದರೆ ಮಾತ್ರ ಮೂತ್ರದ ಹುಳಿ ತೆಗೆಯುವ ಔಷಧಿಯಿಂದ ಕರಗಿಸಬಹುದು. ಯಾವ ಜಾತಿಯ ಕಲ್ಲು ಅಂತ ಗೊತ್ತಾಗಬೇಕಾದರೆ ಕಲ್ಲು ಕೈಗೆ ಸಿಗಬೇಕು. ಹೋದ ಸಲದ್ದು ಟಾಯ್ಲೆಟ್ ಪಾಲಾಯಿತು ಅಂತ ಕಾಣುತ್ತದೆ. ಮುಂದೆ ನೋವು ಬಂದರೆ ಟೀ ಸೋಸುವ ಹಳೇ ಜರಡಿಯಲ್ಲಿ ಮೂತ್ರ ಸೋಸಿ, ಸಿಕ್ಕ ಹರಳನ್ನು ತೊಳೆದು ಒಣ ಡಬ್ಬಿಯಲ್ಲಿ ತನ್ನಿ. ಎಳ್ಳಿನಷ್ಟಿದ್ದರೂ ಲ್ಯಾಬಿಗೆ ಸಾಕು. ನಿಮಗೆ ಎರಡನೇ ಸಲ ಆಗಿರುವುದರಿಂದ 24 ಗಂಟೆಯ ಮೂತ್ರದಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್, ಸಿಟ್ರೇಟ್, ಯೂರಿಕ್ ಆಸಿಡ್, ಸೋಡಿಯಂ ಎಷ್ಟಿದೆ ಅಂತಲೂ ಒಮ್ಮೆ ನೋಡಿಸಬೇಕು. ಅದಕ್ಕೆ ಲ್ಯಾಬಿನವರೇ ಕ್ಯಾನ್ ಕೊಡುತ್ತಾರೆ.

ನೋವು ಜೋರಾಗಿ ಇರುವಾಗ ಮಾತ್ರ ಲೀಟರ್‌ಗಟ್ಟಲೆ ನೀರು ಕುಡಿದು ಕಲ್ಲು ತಳ್ಳಲು ಹೋಗಬೇಡಿ. ತಳ್ಳುವುದಿಲ್ಲ, ವಾಂತಿಯಾಗುತ್ತದೆ ಅಷ್ಟೇ. ನೋವಿನ ಜೊತೆ ಚಳಿ ಜ್ವರ ಬಂದರೆ, ಮೂತ್ರವೇ ನಿಂತರೆ, ವಾಂತಿ ನಿಲ್ಲದಿದ್ದರೆ ಬೆಳಗಾಗಲಿ ಅಂತ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಕಲ್ಲಿನ ಹಿಂದೆ ಕೀವು ಕಟ್ಟಿಕೊಂಡರೆ ಗಂಟೆಗಳ ಲೆಕ್ಕದಲ್ಲಿ ಜೀವಕ್ಕೆ ಬರುತ್ತದೆ. ಇನ್ನೊಂದು ಮಾತು, ಇದನ್ನು ಓದುತ್ತಿರುವ ಬೇರೆಯವರಿಗೆ: ಹೃದಯ ದುರ್ಬಲ ಆದವರು, ಕಿಡ್ನಿ ಫೇಲ್ ಆದವರು, ಕಾಲು ಊತ ಇರುವವರು ಈ ನೀರಿನ ಲೆಕ್ಕ ಪಾಲಿಸಬಾರದು. ಅವರ ಲೆಕ್ಕ ಅವರ ಡಾಕ್ಟರೇ ಹಾಕಬೇಕು.

ಮುಂದಿನ ಸ್ಕ್ಯಾನಿಂಗ್‌ಗೆ ಹೋಗುವಾಗ ನಿಮ್ಮ ಡಾಕ್ಟರಿಗೆ ತೋರಿಸಲು ಒಂದು ಚೀಟಿ ಒಯ್ಯಿರಿ. ಅದರಲ್ಲಿ ಮೂರೇ ಸಂಖ್ಯೆ ಸಾಕು: ಭಟ್ಟಿ ಇದ್ದ ದಿನ ಕ್ಯಾನ್‌ನಲ್ಲಿ ಎಷ್ಟು ಬಂತು, ಭಟ್ಟಿ ಇಲ್ಲದ ದಿನ ಎಷ್ಟು ಬಂತು, ತೂಕದ ಮಷಿನ್ ಮೇಲೆ ಎಷ್ಟು ಇಳಿಯಿತು.